ಮೂರು ಮೀಟರಿನ ಗೆರೆ

ಸಮುದ್ರ ಮುನ್ಸೂಚನೆ ಕಚೇರಿಯ ಕಂಪ್ಯೂಟರ್ ಪರದೆಯ ಮೇಲಿನ ಅಲೆಯ ಗೆರೆ ಮೂರು ಮೀಟರಿಗೆ ನಿಲ್ಲದೆ ನಾಲ್ಕೂವರೆಗೆ ಏರಿದಾಗ ಕಿರಿಯ ವಿಜ್ಞಾನಿಯ ಕೈಯ ಪೆನ್ಸಿಲ್ ಅಲ್ಲೇ ನಿಂತಿತು. ಅದೇ ಸಮುದ್ರ, ಇವತ್ತಿನ ಅದೇ ಬಿರುಗಾಳಿ, ಅವೇ ಸಮೀಕರಣಗಳು. ಬದಲಾದದ್ದು ಒಂದೇ: ಈ ಸಲ ಕೋಡ್ ಬರೆದದ್ದು ಮನುಷ್ಯರಲ್ಲ, ಸಮೀಕರಣ ಓದಿ ತಾನೇ ಕೋಡ್ ಹೆಣೆಯುವ ಯಂತ್ರ.

"ಬಿಡಮ್ಮಾ, ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆ," ಎಂದು ಹಿರಿಯ ವಿಜ್ಞಾನಿ ನಕ್ಕರು. "ನನ್ನ ಹಳೇ ಕೋಡು ಇಪ್ಪತ್ತು ವರ್ಷದಲ್ಲಿ ಒಂದ್ಸಲಾನೂ ಮೂರು ದಾಟಿಲ್ಲ."

ಅವಳ ಅಜ್ಜಿ ಹೇಳುತ್ತಿದ್ದ ಕಥೆಯಲ್ಲೂ ಸಮುದ್ರ ತನಗೆಳೆದ ಗೆರೆ ದಾಟುವುದಿಲ್ಲವೆಂದು ಮಾತು ಕೊಟ್ಟಿತ್ತು. ಅವಳು ಹಳೆಯ ಕೋಡನ್ನು ತೆರೆದು ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದಳು. ಸಿಕ್ಕಿತು: ಅಲೆ ಮೂರು ಮೀರಿದರೆ ಮೂರೆಂದೇ ಬರೆ. ಯಾವ ಸಮೀಕರಣದಲ್ಲೂ ಇಲ್ಲದ ಸಾಲು.

"ಓ, ಅದಾ? ಆಗೆಲ್ಲ ಅಲೆ ಮೂರು ದಾಟಿದ್ರೆ ಲೆಕ್ಕ ಅರ್ಧಕ್ಕೇ ಕುಸಿದು ಬೀಳ್ತಿತ್ತು. ಎರಡು ದಿನದ ಮಟ್ಟಿಗೆ ಅಂತ ಹಾಕಿದ್ದೆ, ತೆಗೆಯೋದು ಮರೆತೇ..." ಹಿರಿಯರ ನಗು ಬಾಯಲ್ಲೇ ಒಣಗಿತು.

ಕಿಟಕಿಯ ಗಾಜು ಆಗಲೇ ಗಾಳಿಗೆ ಗಡಗಡ ನಡುಗುತ್ತಿತ್ತು. ಅವಳು ಬಂದರಿನಲ್ಲಿ ಕಾವಲಿದ್ದ ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣಾ, ತಡೆಗೋಡೆ ಎಷ್ಟೆತ್ತರ ಇದೆ?"

"ಮೂರೂಕಾಲು ಮೀಟರ್. ಹೆದರ್ಬೇಡ್ವೇ, ನಿಮ್ಮ ಆಫೀಸಿನ ಲೆಕ್ಕ ನೋಡ್ಕೊಂಡೇ ಕಟ್ಟಿರೋದು. ಊರೋರನ್ನೆಲ್ಲ ಕರ್ಕೊಂಬಂದು ಗೋಡೆ ಹಿಂದೇನೇ ಕೂರಿಸಿದ್ದೀವಿ."