ಪ್ರೆಸ್ಸಿನ ಹೆಸರಿಲ್ಲದ ಕರಪತ್ರ

"ಏಳನೇ ಕ್ಲಾಸ್ ಫೇಲಾಗಿ ಬೀದಿ ಸುತ್ತೋನಿಗೆ ಕಸುಬು ಕಲಿಸಿದೆ ಕಣ್ರಿ. ಈಗ ನೋಡ್ರಿ, ಸಾಬರ ಎಂಜಲಿಗೆ ನಾಲಿಗೆ ಚಾಚ್ಕೊಂಡು ನಿಂತಾನೆ" ಎಂದ ಗುರುಮಲ್ಲಪ್ಪ.

ಸೊರಬದ ಕೋರ್ಟಿನ ಅಂಗಳದಲ್ಲಿದ್ದವರೆಲ್ಲ ನಕ್ಕರು. ಆ ಮಾತು ಪರಶುರಾಮನನ್ನು ಕುರಿತದ್ದು. ಶಿಕಾರಿಪುರದ ಗುರುಮಲ್ಲಪ್ಪನ ಪ್ರೆಸ್ಸಿನಲ್ಲಿ ಆರು ವರ್ಷ ಅಚ್ಚುಮೊಳೆ ಜೋಡಿಸಿದವನು ಅವನು. ಇಂದು ಅದೇ ಯಜಮಾನನ ವಿರುದ್ಧ ಸಾಕ್ಷಿ.

ಕೇಸು ಒಂದು ಕರಪತ್ರದ್ದು. ತೊಂಬತ್ಮೂರರ ಬೇಸಿಗೆಯ ಒಂದು ಬೆಳಗ್ಗೆ ಅದು ಸೊರಬದ ಗೋಡೆಗಳ ಮೇಲೆಲ್ಲ ಅಂಟಿಕೊಂಡಿತ್ತು. ಸಾಬರ ಅಂಗಡಿ ಮೆಟ್ಟಬೇಡಿ, ಅವರು ಮುಟ್ಟಿದ್ದೆಲ್ಲ ವಿಷ, ಊರು ಬಿಡಿಸಿ ಎಂದಿತ್ತು. ಪ್ರೆಸ್ಸಿನ ಹೆಸರಿರಲಿಲ್ಲ. ಸ್ಟೌ ರಿಪೇರಿ ಮಾಡುವ ಬುಡೇನ್ ಸಾಬನ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಮೂರನೇ ವಾರ ಕಲ್ಲು ಬಂತು. ಅವನ ಹೆಂಡತಿಯ ಒಂದು ಕಣ್ಣು ಹೋಯಿತು.

ಬುಡೇನ್ ಸಾಬನಿಗೆ ಕನ್ನಡ ಓದಲು ಬಾರದು. ಆ ಬೆಳಗ್ಗೆ ಅಂಗಡಿ ಬಾಗಿಲಲ್ಲಿದ್ದ ಕಾಗದ ತೋರಿಸಿ, ಅಕ್ಕನ ಮನೆಯ ಸ್ಟೌ ಹಿಡಿದು ಬಂದಿದ್ದ ಪರಶುರಾಮನನ್ನೇ ಏನಿದೆಯೆಂದು ಕೇಳಿದ್ದ. ಪರಶುರಾಮ ರಸ್ತೆಯ ಕಡೆ ನೋಡುತ್ತ, ಎಲ್ಲೂ ತಡವರಿಸದೆ, ಮೊದಲಿನಿಂದ ಕೊನೆಯವರೆಗೆ ಹೇಳಿದ. ಕಲ್ಲು ಬಿದ್ದ ಮರುದಿನ ಠಾಣೆಗೂ ಅವನೇ ಕರೆದೊಯ್ದ.

ಇವನಿಗ್ಯಾಕೆ ಇಷ್ಟು ಉರಿ ಎಂದು ಊರು ಅನುಮಾನಿಸಿತು. ದುಡ್ಡು ತಿಂದಿದ್ದಾನೆ ಎಂದರು. ಪೊಲೀಸರೂ ಎರಡು ಸಲ ಕೂರಿಸಿ ಕೇಳಿದರು. ಅದು ಗುರುಮಲ್ಲಪ್ಪನ ಪ್ರೆಸ್ಸಿನಲ್ಲಿ ಅಚ್ಚಾದದ್ದು ಎಂದಷ್ಟೇ ಹೇಳಿದ.

ಕೋರ್ಟಿನಲ್ಲಿ ಅವನ ಹೆಸರು ಕೂಗಿದಾಗ ಗುರುಮಲ್ಲಪ್ಪ ಬಾಗಿಲ ಬಳಿ ಅಡ್ಡ ಬಂದು ತಗ್ಗಿದ ದನಿಯಲ್ಲಿ ಅಂದ: "ಒಳಗೆ ಬಾಯಿ ಬಿಟ್ರೆ ಯಾರು ಮುಳುಗ್ತಾರೆ, ಸರಿಯಾಗಿ ಯೋಚ್ನೆ ಮಾಡಲೇ."

ಕಟಕಟೆಯಲ್ಲಿ ಪರಶುರಾಮ ಕರಪತ್ರದ ತಲೆಬರಹ ತೋರಿಸಿದ. ಮರದ ದೊಡ್ಡ ಮೊಳೆಯೊಂದರ ಸೀಳು ಅಕ್ಷರದ ಉದ್ದಕ್ಕೂ ಬಿಳಿ ಗೆರೆಯಾಗಿ ಮೂಡಿತ್ತು. ಅದು ಗುರುಮಲ್ಲಪ್ಪನ ಪ್ರೆಸ್ಸಿನದೇ ಎಂದ. ಯಜಮಾನನ ಪರ ವಕೀಲ ನಕ್ಕ. ಮರ ಅಂದಮೇಲೆ ಎಲ್ಲ ಕಡೆಯೂ ಸೀಳುತ್ತದೆ, ಕೆಲಸದಿಂದ ತೆಗೆದ ಸೇಡಿಗೆ ಈ ಕಥೆ ಕಟ್ಟಿದ್ದಾನೆ ಎಂದ.

"ಅಲ್ಲೇ ಅಚ್ಚಾಯ್ತು ಅಂತೀಯಲ್ಲ. ಮೊಳೆ ಜೋಡಿಸಿದೋನು ಯಾರು? ಅವನನ್ನ ತೋರಿಸ್ತೀಯಾ?"

"ತೋರಿಸ್ತೀನಿ ಸಾರ್. ನಾನೇ."

ಗುರುಮಲ್ಲಪ್ಪನ ತಲೆ ಬಾಗಿತು. ಈ ಮಾತು ನಿನಗೇ ಮುಳುವಾಗಬಹುದು ಎಂದರು ಮ್ಯಾಜಿಸ್ಟ್ರೇಟರು. ಬರೆದುಕೊಳ್ಳಿ ಎಂದ ಪರಶುರಾಮ. ಆಮೇಲೆ ತಾನಾಗಿಯೇ ಹೇಳಿದ: ಮೊಳೆ ಜೋಡಿಸುವಾಗ ಅಕ್ಷರವೆಲ್ಲ ತಿರುಗುಮುರುಗು, ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ವಿಷಯ ತಲೆಗೆ ಹೋಗುವುದೇ ಇಲ್ಲ.

ಹೊರಗೆ ಜಗುಲಿಯಲ್ಲಿ ಬುಡೇನ್ ಸಾಬ್ ಅವನ ತೋಳು ಹಿಡಿದು ನಿಲ್ಲಿಸಿದ. ಹತ್ತು ತಿಂಗಳು ಇವನಿಗಾಗಿ ದುವಾ ಮಾಡಿದ್ದ ಮುದುಕ. ಮುಖದಲ್ಲಿ ಸಿಟ್ಟಿರಲಿಲ್ಲ.

"ತಮ್ಮಾ, ಅವತ್ತು ಅಂಗಡೀಲಿ ಓದಿ ಹೇಳೋವಾಗ ನೀನು ಕಾಗದದ ಕಡೆ ನೋಡ್ಲೇ ಇಲ್ವಲ್ಲ?"

ಪರಶುರಾಮ ತೋಳು ಬಿಡಿಸಿಕೊಂಡು, ರಸ್ತೆಯ ಕಡೆ ನೋಡುತ್ತ ನಡೆದ.