ಗೋಲಿಯಷ್ಟು ಬಿಳುಪು

ಫಕ್ಕೀರಪ್ಪ ಬುದ್ಧಿ ತಿಳಿದಾಗಿನಿಂದ ಬೀಡಿ ಸೇದುತ್ತ ಬಂದವನು. ಕೆಮ್ಮು ಹತ್ತಿ ತಿಂಗಳುಗಳೇ ಕಳೆದರೂ, ಆಸ್ಪತ್ರೆಯ ಮಾತೆತ್ತಿದರೆ ಹೆಂಡತಿ ನೀಲವ್ವನ ಮೇಲೆ ಹರಿಹಾಯುತ್ತಿದ್ದ. ಕಡೆಗೆ ಊರ ಶಾಲೆಯಲ್ಲಿ ಎದೆ ತಪಾಸಣೆಯ ಶಿಬಿರ ನಡೆದಾಗ ನೀಲವ್ವ ಅವನನ್ನು ಎಳೆದುಕೊಂಡೇ ಹೋದಳು. ಎಕ್ಸ್‌ರೇ ಯಂತ್ರದ ಎದುರು ಅವನ ಕಾಲು ಹಿಂದೆ ಸರಿದದ್ದು ಕಂಡು, "ನಾನೂ ತೆಗಿಸ್ಕೋತೀನಿ, ನಡೀರಿ. ಇದರಾಗ ಅಂಜೂದೇನೈತಿ?" ಎಂದು ತಾನೇ ಮೊದಲು ಹೋಗಿ ನಿಂತಳು.

ಸಂಜೆ ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದು ಒಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕಪ್ಪಗೆ ಕಾಣುವ ಶ್ವಾಸಕೋಶದ ನಡುವೆ ಗೋಲಿಯಷ್ಟು ದುಂಡನೆಯ ಬಿಳಿ ಚುಕ್ಕೆ ಇತ್ತು.

"ಇದಕ್ಕ ಗಂಟು ಅಂತೀವ್ರಿ. ಹಳೇ ಟಿ.ಬಿ. ಕಲೆನೂ ಇರಬಹುದು, ಕೆಟ್ಟದ್ದೂ ಇರಬಹುದು. ಸ್ಕ್ಯಾನ್ ಮಾಡಿಸದೆ ಹೇಳಾಕ ಬರಂಗಿಲ್ಲ."

ಫಕ್ಕೀರಪ್ಪ ಜೇಬಿನಿಂದ ಬೀಡಿ ಕಟ್ಟು ತೆಗೆದು ಮೇಜಿನ ಮೇಲಿಟ್ಟ.

"ಇವತ್ತಿಗೆ ಬಿಟ್ಟೆ ರೀ ಡಾಕ್ಟರ್ ಬಾಯಾರ. ಈಕಿ ಎಷ್ಟ್ ಬಡ್ಕೊಂಡ್ರೂ ಕೇಳಲಿಲ್ಲ ನಾ. ಮನಿ ತುಂಬಾ ಹೊಗಿ ಬಿಟ್ಟೆ. ಈಗ ನಾ ಹೋದ್ರ ಈಕಿಗೆ ಯಾರದಾರ್ರಿ?" ಎನ್ನುವಷ್ಟರಲ್ಲಿ ಅವನಿಗೆ ದುಃಖ ಉಕ್ಕಿ ಬಂತು.

ನೀಲವ್ವ ಸೆರಗಿನಿಂದ ಅವನ ಕಣ್ಣೊರೆಸಿದಳು. "ಏನೂ ಆಗಂಗಿಲ್ಲ, ಸುಮ್ನಿರ್ರಿ. ನಾ ಅದೀನಲ್ಲ."

ಡಾಕ್ಟರಮ್ಮ ಎಕ್ಸ್‌ರೇಯನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು:

"ಯಜಮಾನ್ರ, ನಿಮ್ಮ ಎಕ್ಸ್‌ರೇದಾಗ ಏನೂ ಇಲ್ರಿ. ಇದು ಅವ್ವಾರದು."