ಟೋಪಿ ಕಾರಿನ ಎಡಗಡೆ ಚಕ್ರ

ಕಾರು ನೋಡಲು ಬಂದ ಮನುಷ್ಯ ಎಡಗಡೆಯ ಮುಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತವರು ಏಳಲೇ ಇಲ್ಲ.

ಎಂಜಿನ್ ಹೇಗಿದೆ ಅಂತ ಕೇಳಲಿಲ್ಲ. ಬಾನೆಟ್ ಎತ್ತಿ ಅನ್ನಲಿಲ್ಲ. ಮಡಚುವ ಕ್ಯಾನ್ವಾಸ್ ಟಾಪು ಎರಡು ಕಡೆ ಹರಿದಿದೆ, ಅದರ ಕಡೆ ತಿರುಗಿಯೂ ನೋಡಲಿಲ್ಲ. ಮಡ್‌ಗಾರ್ಡಿನ ಒಳಗೆ ಬೆರಳು ಹಾಕಿ ಸವರಿ, ಆ ಬೆರಳನ್ನು ಬೆಳಕಿಗೆ ಹಿಡಿದರು.

"ತೊಳೆದುಬಿಟ್ಟಿದೀರಲ್ಲ ಮೇಷ್ಟ್ರೇ?"

"ಧೂಳಿತ್ತು," ಎಂದರು ಚಕ್ರಪಾಣಿ.

"ಧೂಳು!" ಬಂದವರು ನಕ್ಕರು. "ಸರಿ, ಧೂಳೇ ಅನ್ನಿ."

ಚಕ್ರಪಾಣಿ ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ. ಈ ಒಂದು ವಾರದಿಂದ ಮಾತ್ರ ಹೆಗಲ ಮೇಲಿನ ಕೈ ಕೆಳಗಿಳಿದಿಲ್ಲ.

ಎನ್.ಆರ್. ಕಾಲೋನಿಗೆಲ್ಲ ಟಾಪು ಮಡಚುವ ಕಾರು ಇದೊಂದೇ. ಬೀದಿಯ ಮಕ್ಕಳಿಗೆ ಅದು ಟೋಪಿ ಕಾರು. ತೊಂಬತ್ತೇಳನೇ ಇಸವಿಯಲ್ಲಿ, ಊರೆಲ್ಲ ಹೊಸ ಕಾರು ಕೊಳ್ಳುತ್ತಿರುವಾಗ, ಮೇಷ್ಟ್ರು ಈ ಹಳೇ ಡಬ್ಬಾ ಮಾರಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಗೆಂದುಕೊಂಡೇ ಪೇಪರಿನಲ್ಲಿ ಜಾಹೀರಾತು ಹಾಕಿಸಿದ್ದರು.

ಹೋದ ಸೋಮವಾರ ಮಗಳು ಆರಾಧನಾ ಗೆಳತಿಯ ಮನೆಗೆಂದು ಕಾರು ತೆಗೆದುಕೊಂಡು ಹೋದವಳು ದೀಪ ಹಚ್ಚುವ ಹೊತ್ತಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ಊಟ ಬೇಡ ಅಂದಳು. ಅವತ್ತಿನಿಂದ ಕತ್ತಿಗೆ ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡೇ ಇರುತ್ತಾಳೆ. ಕೇಳಿದರೆ ನೋವು ಅನ್ನುತ್ತಾಳೆ. "ಅಪ್ಪಾ, ನಿಮಗೊಂದು ವಿಷಯ ಹೇಳ್ಬೇಕು" ಎಂದು ಎರಡು ಸಲ ಹತ್ತಿರ ಬಂದು, ಎರಡು ಸಲವೂ ಅತ್ತು ಒಳಗೆ ಹೋಗಿದ್ದಾಳೆ.

ಮಂಗಳವಾರದ ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿ. ಹಿಂದಿನ ಸಂಜೆ ಚಾಮರಾಜಪೇಟೆಯಲ್ಲಿ ಹೂ ಮಾರುವ ಮುದುಕಿಗೆ ಯಾವುದೋ ಕಾರು ಗುದ್ದಿದೆ, ನಿಲ್ಲಿಸದೆ ಹೋಗಿದೆ, ಮುದುಕಿ ಸತ್ತಿದ್ದಾಳೆ. ಬಿಳಿ ಕಾರು ಅಂತ ನೋಡಿದವರು ಹೇಳಿದ್ದಾರೆ. ಚಕ್ರಪಾಣಿ ಪೇಪರು ಮಡಚಿಟ್ಟು ತಮ್ಮ ಬಿಳಿ ಕಾರಿಗೆ ಒಂದು ಸುತ್ತು ಬಂದರು. ಎಡಗಡೆ ಚಕ್ರಕ್ಕೆ, ಮಡ್‌ಗಾರ್ಡಿಗೆ, ಕೆಂಪಗೆ ಏನೋ ಸಿಡಿದು ಒಣಗಿತ್ತು.

ಹೆಂಡತಿ ಅಂಬುಜಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು ತೊಳೆದರು. ಹಾಳಾದ್ದು, ಸೋಪು ಹಾಕಿ ಉಜ್ಜಿದಷ್ಟೂ ಇನ್ನೂ ಕೆಂಪಾಗಿ, ಕೊನೆಗೆ ಹೇಗೋ ಬಿಟ್ಟಿತು. ಹೆಂಡತಿಗೆ ಹೇಳಲಿಲ್ಲ. ಮಗಳನ್ನು ಕೇಳಲಿಲ್ಲ. ಕೇಳಿ, ಅವಳು ಹೌದು ಅಂದುಬಿಟ್ಟರೆ? ಹೆತ್ತವರಿಗೆ ಹೆಗ್ಗಣ ಮುದ್ದು. ಇವಳಂತೂ ಇರುವ ಒಬ್ಬಳೇ ಮಗಳು. ದೇವರ ಮನೆಯಲ್ಲಿ ನಿಂತು, "ಬೇರೆ ಏನಾದ್ರೂ ಆಗಿರ್ಲಿ ರಾಯರೇ, ಇದೊಂದು ಬೇಡ" ಎಂದು ಬೇಡಿಕೊಂಡರು.

ಬಂದವರು ಪಂಚೆ ಕೊಡವಿ ಎದ್ದರು. ಮತ್ತಿಕೆರೆಯಿಂದ ಅಂತ ಫೋನಿನಲ್ಲಿ ಹೇಳಿದ್ದರು, ಅಷ್ಟೇ. ಹೆಸರು ಹೇಳಿರಲಿಲ್ಲ. ದಪ್ಪ ಮೀಸೆ, ಪೊಲೀಸಿನವರ ಮೈಕಟ್ಟು.

"ಗಾಡಿ ಯಾರ್ಯಾರು ಓಡಿಸ್ತೀರಾ?"

"ನಾನೊಬ್ನೇ."

"ಮಗಳು?"

"ನನಗೆ ಮಗಳಿದಾಳೆ ಅಂತ ನಿಮಗ್ಯಾರು ಹೇಳಿದ್ದು?"

ಬಂದವರು ಮನೆಯ ಬಾಗಿಲ ಕಡೆ ನೋಡಿದರು. "ಹೋದ ಸೋಮವಾರ ಸಂಜೆ ಈ ಗಾಡಿ ಎಲ್ಲಿತ್ತು ಅಂತ ನಿಮಗೆ ಗೊತ್ತಾ ಮೇಷ್ಟ್ರೇ? ಹುಡುಗೀನ ಒಂದ್ಸಲ ಕರೀರಿ. ಅವಳ ಬಾಯಲ್ಲೇ ಬರ್ಲಿ. ನಾನು ಬಂದಿದ್ದು ಅದಕ್ಕೇ, ಕಾರಿಗಲ್ಲ."

ಮುಗಿಯಿತು. ಚಕ್ರಪಾಣಿ ಎರಡೂ ಕೈ ಜೋಡಿಸಿದರು.

"ಓಡಿಸಿದ್ದು ನಾನು. ಬರ್ಕೊಡ್ತೀನಿ. ಎಲ್ಲಿಗೆ ಕರೆದ್ರೂ ಬರ್ತೀನಿ, ಜೈಲಾದ್ರೂ ಸರಿ. ಅವಳಿನ್ನೂ ಚಿಕ್ಕೋಳು, ಅವಳನ್ನ ಬಿಟ್ಬಿಡಿ."

"ಏನ್ ಮಾತು ಅಂತ ಆಡ್ತಿದೀರಾ? ಯಾವ ಜೈಲು?"

"ಆ ಹೂವಿನ ಮುದುಕಿ... ಚಾಮರಾಜಪೇಟೆ... ಆ ರಕ್ತ..."

ಬಂದವರು ಬಾಯಿ ತೆರೆದು ನಿಂತರು. "ಅಯ್ಯೋ ಶಿವನೇ! ರಕ್ತ ಅಲ್ಲ ಸ್ವಾಮಿ, ಆರತಿ ನೀರು! ಸೋಮವಾರ ಇಬ್ರೂ ದೇವಸ್ಥಾನದಲ್ಲಿ ತಾಳಿ ಕಟ್ಟಿ ಹಾರ ಹಾಕ್ಕೊಂಡು, ಟಾಪ್ ಮಡಚ್ಕೊಂಡು, ಇದೇ ಗಾಡೀಲಿ ನಮ್ಮನೆ ಬಾಗ್ಲಿಗೆ ಬಂದು ನಿಂತ್ರು. ನನ್ನ ಮಗ, ನಿಮ್ಮ ಮಗಳು. ನಮಗೂ ಗೊತ್ತಾಗಿದ್ದು ಆವಾಗ್ಲೇ. ನಮ್ಮೋಳು ಗಾಬರೀಲಿ ಅರಿಶಿನ ಸುಣ್ಣ ಕಲಸಿ ಆರತಿ ಎತ್ತಿ, ತಟ್ಟೆ ಪೂರ್ತಿ ಚಕ್ರದ ಮೇಲೇ ಚೆಲ್ಲಿದ್ಲು. ಅಪ್ಪನಿಗೆ ನಾನೇ ಹೇಳಿ ಬರ್ತೀನಿ ಅಂತ ನಿಮ್ಮ ಹುಡುಗಿ ವಾಪಸ್ ಬಂದ್ಲು. ವಾರ ಆಯ್ತು, ಹೇಳೋಕೆ ಧೈರ್ಯ ಬಂದಿಲ್ಲ ಪಾಪ. ಬೀಗ ಅಂತ ಬಂದ್ರೆ ನೀವು ಗೇಟು ಹಾಕ್ಕೋತೀರಿ, ಕಾರು ನೋಡೋಕೆ ಅಂದ್ರೆ ನಿಂತು ಮಾತಾಡ್ತೀರಿ ಅಂತ ಪೇಪರ್ ನೋಡಿ ಫೋನ್ ಮಾಡ್ದೆ."

ಚಕ್ರಪಾಣಿ ಬಾನೆಟ್ಟಿನ ಮೇಲೆ ಕೈಯೂರಿ ನಿಂತರು. ಕಣ್ಣು ತುಂಬಿ ಬಂತು. ಆ ಮುದುಕಿಗೆ ಗುದ್ದಿದ್ದು ಇನ್ಯಾರದೋ ಕಾರು. ಮಗಳು ಯಾರನ್ನೂ ಕೊಂದಿಲ್ಲ. ಪೊಲೀಸಿಲ್ಲ, ಜೈಲಿಲ್ಲ.

ಬಾಗಿಲಲ್ಲಿ ಆರಾಧನಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು, ಅಪ್ಪ ತನಗೋಸ್ಕರ ಜೈಲಿಗೆ ಹೊರಟಿದ್ದನ್ನೂ. "ಅಪ್ಪಾ..." ಎಂದು ಅಳುತ್ತಲೇ ನಗುತ್ತ ಎರಡು ಮೆಟ್ಟಿಲು ಇಳಿದಳು.

ಚಕ್ರಪಾಣಿ ಅವಳ ಕಡೆ ನೋಡಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡು, ಬಂದವರನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು.

"ನೀವು ಯಾವ ಜನ?"